ಮೈಲೇಜ್ ಕೇಳುವ ಮುನ್ನ

ಮುಂಗಾರಿನ ಮೋಡದೊಂದಿಗೇ ಕಾಲೇಜಿನ ಬಾಗಿಲೂ ತೆರೆಯುತ್ತದೆ. ಆಗ ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಎದ್ದೇ ಏಳುತ್ತದೆ: ‘ಒಂದು ಸಣ್ಣ ಗಾಡಿ ತಗೊಂಡ್ರ ಹೆಂಗ?’ ಹಳ್ಳಿಯಿಂದ ಪೇಟೆಗೆ ಆರೇಳೋ ಎಂಟೋ ಕಿಲೋಮೀಟರು. ನಡೆದು ಹೋಗಲು ದೂರ. ಬಸ್ಸು ಬರುವ ಹೊತ್ತಿಗೂ ಕೆಲಸದ ಹೊತ್ತಿಗೂ ತಾಳೆಯಿಲ್ಲ. ಬೈಕು ಕೊಳ್ಳಲು ಹಣ ಸಾಲದು. ಉಳಿದದ್ದು ಮೊಪೆಡ್.

ಇಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ನಾಲ್ಕು ಎಕರೆ ಎರೆ ಹೊಲ, ಎರಡು ಎಮ್ಮೆ. ಮಗಳು ಪದವಿ ಓದುತ್ತಿದ್ದಾಳೆ. ಮಗ ಪಿ.ಯು. ಎರಡನೆಯ ವರ್ಷ, ವಯಸ್ಸು 17. ಪರಿಚಯದವರೊಬ್ಬರು ತಮ್ಮ ಹಳೆಯ ಮೊಪೆಡ್ಡನ್ನು 24 ಸಾವಿರಕ್ಕೆ ಕೊಡಲು ಸಿದ್ಧ. ಮಗನಿಗೆ ಆಗಲೇ ಕಾಲೇಜಿನ ದಾರಿ ಕಾಣುತ್ತಿದೆ. ತಂದೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಕೇಳುವ ಮೊದಲ ಪ್ರಶ್ನೆ: ‘ಲೀಟರಿಗೆ ಎಷ್ಟ್ ಕೊಡ್ತೈತಿ?’

ಪ್ರಶ್ನೆ ತಪ್ಪಲ್ಲ. ಆದರೆ ಅದು ನಾಲ್ಕನೆಯದಾಗಿ ಬರಬೇಕಾದ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದವು ಮೂರಿವೆ: ಯಾವ ಕೆಲಸಕ್ಕೆ? ಯಾರು ಓಡಿಸುವವರು? ಗಾಡಿ ಯಾರ ಹೆಸರಿನಲ್ಲಿದೆ?

ಮೋಟಾರು ಮತ್ತು ಪೆಡಲು ಎಂಬ ಎರಡು ಪದಗಳ ತುಣುಕು ಸೇರಿ ಆದದ್ದು ‘ಮೊಪೆಡ್’. ಸೈಕಲ್ಲಿಗೆ ಎಂಜಿನ್ ಕೂಡಿಸಿದಂಥ ಗಾಡಿ ಎಂದು ಅರ್ಥ. ನಮ್ಮ ದೇಶದಲ್ಲಿ ಇದನ್ನು ಮನೆಮಾತಾಗಿಸಿದ್ದು 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ತಂದ ಲೂನಾ. ಏರಿನಲ್ಲಿ ಎಂಜಿನ್ ಸೋತರೆ ಪೆಡಲು ತುಳಿಯುವ ಸೌಕರ್ಯ ಅದಕ್ಕಿತ್ತು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಎರಡರ ಎಂಜಿನ್ನೂ 50 ಸಿ.ಸಿ. ವರ್ಗದ್ದು. 2015ರಲ್ಲಿ ಬಂದ ಟಿವಿಎಸ್ ಎಕ್ಸೆಲ್ 100 ನಾಲ್ಕು ಸ್ಟ್ರೋಕಿನ, 99.7 ಸಿ.ಸಿ.ಯ ಗಾಡಿ. ಅದಕ್ಕೆ ಪೆಡಲಿಲ್ಲ, ಮೊಪೆಡ್ ಎಂಬ ಹೆಸರು ಮಾತ್ರ ಉಳಿದಿದೆ. ಈ 50 ಮತ್ತು 99.7ರ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಮಗನ ವಿಷಯ ಬಂದಾಗ ಅದು ಬೇಕಾಗುತ್ತದೆ.

ಮೊದಲ ಪ್ರಶ್ನೆ, ಯಾವ ಕೆಲಸಕ್ಕೆ? ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಗಜೇಂದ್ರಗಡದ ನೇಕಾರನಾದರೆ ನೂಲಿನ ಗಂಟು — ಸೀಟಿನ ಮುಂದೆ ಬಯಲಿರುವ ಮೊಪೆಡ್ ಇವಕ್ಕೆಂದೇ ಮಾಡಿದಂತಿದೆ. ಆದರೆ ಅದಕ್ಕೂ ಮಿತಿಯುಂಟು. ಎಕ್ಸೆಲ್ 100 ಹೊರಬಹುದಾದ ಭಾರ 130 ಕಿಲೋ. ಇದರಲ್ಲಿ ಓಡಿಸುವವನ ತೂಕವೂ ಸೇರಿದೆ. ಸವಾರ 60 ಕಿಲೋ, ಯೂರಿಯಾ ಚೀಲ 45 ಕಿಲೋ: ಒಟ್ಟು 105. ಇನ್ನೊಂದು ಚೀಲ ಇಟ್ಟರೆ 150. ‘ಎರಡು ಚೀಲ ಆರಾಮ ಒಯ್ತೈತಿ’ ಎನ್ನುವವರಿದ್ದಾರೆ. ಒಯ್ಯುತ್ತದೆ ನಿಜ, ಆದರೆ ಅದರ ಬೆಲೆಯನ್ನು ಕ್ಲಚ್ಚು ಕೊಡುತ್ತದೆ.

ಹೇಗೆಂದರೆ, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ನೆನಪಿಸಿಕೊಳ್ಳಿ. ತಿರುಗಿಸಿದಷ್ಟೂ ಕಲ್ಲು ಹೊರಗೆ ಎಳೆಯುತ್ತದೆ. ಮೊಪೆಡ್ಡಿನ ಕ್ಲಚ್ಚಿನೊಳಗೆ ಕಲ್ಲಿನ ಬದಲು ಲೋಹದ ಎರಡು ಮೂರು ಬೂಟುಗಳಿರುತ್ತವೆ. ಎಂಜಿನ್ ವೇಗವಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಸುತ್ತಲಿನ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ, ಚಕ್ರ ಓಡುತ್ತದೆ. ವೇಗ ಇಳಿದರೆ ಹಿಡಿತವೂ ಸಡಿಲ. ಗೇರಿನ ಗೋಜಿಲ್ಲದ್ದಕ್ಕೆ ಇದೇ ಕಾರಣ. ಆದರೆ ಬೈಕಿನವನಂತೆ ಏರಿನಲ್ಲಿ ಕೆಳಗಿನ ಗೇರಿಗೆ ಇಳಿಸುವ ಅನುಕೂಲ ಇಲ್ಲಿಲ್ಲ. ಮಿತಿಮೀರಿದ ಹೊರೆಯೊಂದಿಗೆ ಕಾಲಕಾಲೇಶ್ವರದ ಗುಡ್ಡದ ಕಡೆಯಂಥ ಏರನ್ನು ನಿಧಾನವಾಗಿ ಹತ್ತಿದರೆ ಬೂಟುಗಳು ಪೂರ್ತಿ ಹಿಡಿಯದೆ ಡ್ರಮ್ಮಿಗೆ ಉಜ್ಜುತ್ತ ಹೋಗುತ್ತವೆ. ಸುಟ್ಟ ವಾಸನೆ ಬಂದರೆ ಅದು ಕ್ಲಚ್ಚು ಸವೆಯುತ್ತಿರುವ ಸೂಚನೆ.

ಎರಡನೆಯ ಪ್ರಶ್ನೆ ಮನೆಯವರಿಗೆ ಕಠಿಣವಾದದ್ದು: ಯಾರು ಓಡಿಸುವವರು? ‘ಮೊಪೆಡ್ಡಿಗೆ ಹದಿನಾರು ತುಂಬಿದ್ರ ಸಾಕು’ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಆ ಮಾತಿಗೆ ಬುಡವಿಲ್ಲದೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮು 16 ತುಂಬಿದವರು ಮೋಟಾರ್‌ಸೈಕಲ್ ಓಡಿಸಬಹುದೆನ್ನುತ್ತದೆ. ಆದರೆ ಎಂಜಿನ್ 50 ಸಿ.ಸಿ. ಮೀರಬಾರದು, ಲೈಸೆನ್ಸ್ ಅದಕ್ಕೂ ಬೇಕು. ಲೂನಾ ಕಾಲದಲ್ಲಿ ಇದರಿಂದ ಎಷ್ಟೋ ವಿದ್ಯಾರ್ಥಿಗಳಿಗೆ ಅನುಕೂಲವಾಗಿತ್ತು. 99.7 ಸಿ.ಸಿ.ಯ ಗಾಡಿಗೆ ಆ ರಿಯಾಯಿತಿ ಅನ್ವಯಿಸದು. ಅದಕ್ಕೆ 18 ತುಂಬಲೇಬೇಕು. ಅಪ್ಪನ ಕಾಲದ ತಿಳಿವಳಿಕೆಯಿಂದ ಮಗನ ಕೈಗೆ ಕೀಲಿ ಕೊಟ್ಟರೆ ತಪ್ಪುವುದು ಇಲ್ಲಿಯೇ.

ತಪ್ಪಿದರೆ ಆಗುವುದೇನು? 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವಾದರೆ ಅವನ ಪಾಲಕರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, 12 ತಿಂಗಳ ಕಾಲ ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ದಂಡವಷ್ಟೇ ಒಂದು ಹಳೆಯ ಮೊಪೆಡ್ಡಿನ ಬೆಲೆ! ಲೈಸೆನ್ಸ್ ಇಲ್ಲದವನಿಂದ ಅಪಘಾತವಾದಾಗ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ನಂತರ ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳೂ ಇವೆ. ಆಗ ನಾಲ್ಕು ಎಕರೆ ಹೊಲದ ಮಾತೂ ಬರುತ್ತದೆ.

ಕಾನೂನಿನ ಮಾತು ಬದಿಗಿರಲಿ, ಭೌತಶಾಸ್ತ್ರದ ಮಾತು ಕೇಳಿ. 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರು. ಎದುರಿಗೆ ಎಮ್ಮೆ ಬಂದದ್ದು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಹೋಯಿತೆನ್ನಿ. ಗಾಡಿ 11 ಮೀಟರು ಮುಂದೆ ಹೋಯಿತು. ವೇಗ ಸೆಕೆಂಡಿಗೆ 4 ಮೀಟರಿನಂತೆ ತಗ್ಗಿದರೆ ಬ್ರೇಕು ಹಿಡಿದ ಮೇಲೆ ಇನ್ನೂ 15 ಮೀಟರು. ಒಟ್ಟು 26. ವೇಗ 60 ಆದರೆ ಇದೇ ಲೆಕ್ಕ 51 ಮೀಟರಿಗೆ ಏರುತ್ತದೆ. ವೇಗ ಒಂದೂವರೆ ಪಟ್ಟು, ನಿಲ್ಲುವ ದೂರ ಸುಮಾರು ಎರಡು ಪಟ್ಟು! ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡ ಹುಡುಗನಿಗೆ ಈ ಲೆಕ್ಕ ರಸ್ತೆಯ ಮೇಲೆ ನೆನಪಾಗುವುದಿಲ್ಲ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ನರಗುಂದದ ಮೂಲಕವೇ ಹಾದುಹೋಗುತ್ತದೆ. ಲಾರಿಗಳ ಆ ಓಟದ ನಡುವೆ ಮೊಪೆಡ್ ಬಹಳ ಸಣ್ಣ ಗಾಡಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು, ಹಿಂದೆ ಕೂರುವವರದ್ದೂ ಸೇರಿ.

ಹಾಗಾದರೆ ಬ್ಯಾಟರಿ ಗಾಡಿ? ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟದ ಗಾಡಿಯನ್ನು ನಿಯಮಗಳು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ಲೈಸೆನ್ಸ್, ನೋಂದಣಿ ಬೇಡ. ಆದರೆ ಅಂಗಡಿಯವ ‘ಇದು ನಲವತ್ತು ಹೋಗ್ತೈತ್ರಿ’ ಎಂದರೆ ಅಲ್ಲಿಗೆ ಆ ವಿನಾಯಿತಿ ಮುಗಿಯಿತು ಎಂದು ತಿಳಿಯಬೇಕು.

ಮೂರನೆಯ ಪ್ರಶ್ನೆ, ಗಾಡಿ ಯಾರ ಹೆಸರಿನಲ್ಲಿದೆ? ‘ನಮ್ಮವರ ಗಾಡಿ, ಪೇಪರ್ ಆಮ್ಯಾಲೆ ಮಾಡಿಸಿದ್ರಾತು’ ಎಂಬುದು ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚು ಅಪಾಯದ ಮಾತು. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದಿತು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇದಕ್ಕೆಂದೇ ಇವೆ. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದ್ದಕ್ಕೆ 35ನೇ ನಮೂನೆ ಬೇಕು. ವಿಮೆಯ ಹೆಸರನ್ನೂ ಬದಲಿಸಿಕೊಳ್ಳಬೇಕು.

ಕೊಳ್ಳುವ ಮುನ್ನ ಆರ್.ಸಿ. ಪುಸ್ತಕದ ಚಾಸಿ ನಂಬರನ್ನೂ ಗಾಡಿಯ ಮೇಲೆ ಕೊರೆದಿರುವ ನಂಬರನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿ ಮತ್ತು ವಿಮೆಯ ಅವಧಿ ತಿಳಿಯುತ್ತದೆ. ಈ ಕೆಲಸವನ್ನು ಓದಿದ ಮಕ್ಕಳಿಗೇ ವಹಿಸಬಹುದು. ನೋಂದಣಿಯ ಆಯುಷ್ಯ 15 ವರ್ಷ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ತುಂಬಿದ ಗಾಡಿ ಸೋವಿಯಾಗಿ ಸಿಗುವುದು ಇದೇ ಕಾರಣಕ್ಕೆ.

ಈಗ ನಾಲ್ಕನೆಯ ಪ್ರಶ್ನೆಗೆ, ಅಂದರೆ ಮೈಲೇಜಿಗೆ ಬರಬಹುದು. ಹೋಗಿ ಬರಲು ದಿನಕ್ಕೆ 16 ಕಿ.ಮೀ., ತಿಂಗಳಿಗೆ 25 ದಿನ: 400 ಕಿ.ಮೀ. ಲೀಟರಿಗೆ 50ರಂತೆ ಹಿಡಿದರೆ 8 ಲೀಟರು. ಲೀಟರಿಗೆ ನೂರು ರೂಪಾಯಿಯೆಂದರೆ 800 ರೂಪಾಯಿ. ಹೆಚ್ಚಿನವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ 24 ಸಾವಿರದ ಗಾಡಿಯನ್ನು ಐದು ವರ್ಷ ಬಳಸಿದರೆ ತಿಂಗಳಿಗೆ 400 ರೂಪಾಯಿ ಸವೆದಂತಾಯಿತು. ಟೈರು, ಎಣ್ಣೆ, ಚೈನು, ರಿಪೇರಿಗೆಂದು 200 ತೆಗೆದಿಡಿ. ಮೂರನೆಯವರ ವಿಮೆಗೆ 75ರಿಂದ 150 ಸಿ.ಸಿ. ಗಾಡಿಗಳಿಗೆ 2022ರಲ್ಲಿ ನಿಗದಿಯಾದ ದರ ತೆರಿಗೆ ಬಿಟ್ಟು ವರ್ಷಕ್ಕೆ 714. ತಿಂಗಳಿಗೆ ಸುಮಾರು 60. ಒಟ್ಟು 1,460 ರೂಪಾಯಿ. ಕಿಲೋಮೀಟರಿಗೆ 3 ರೂಪಾಯಿ 65 ಪೈಸೆ. ಇದರಲ್ಲಿ ಪೆಟ್ರೋಲಿನ ಪಾಲು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ವಿದ್ಯಾರ್ಥಿಗಳು ತಮ್ಮ ಮನೆಯ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಲಿ.

ಇನ್ನು ಮೈಲೇಜ್ ಎಂಬುದು ಗಾಡಿಯ ಗುಣ ಮಾತ್ರವಲ್ಲ, ದಾರಿಯ ಗುಣವೂ ಹೌದು. ಭೂಪಟ ತೆಗೆದು ನೋಡಿದರೆ ನರಗುಂದ, ರೋಣ, ಗಜೇಂದ್ರಗಡ ಮೂರೂ ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಮುಂಗಾರಿನಲ್ಲಿ ಗಾಳಿ ಬೀಸುವುದೂ ಪಡುವಣದಿಂದಲೇ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 40ರ ವೇಗದಲ್ಲಿ ಹೋಗುವ ಗಾಡಿಗೆ 20ರ ಎದುರುಗಾಳಿ ಸಿಕ್ಕರೆ ಅದು 60ರ ಗಾಳಿಯನ್ನು ಸೀಳಬೇಕು. ತಡೆ ಎರಡೂಕಾಲು ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ತಡೆ ಕಾಲು ಭಾಗಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಗಜೇಂದ್ರಗಡದಿಂದ ರೋಣಕ್ಕೆ ಬರುವಾಗ ಕಡಿಮೆ, ಹೋಗುವಾಗ ಹೆಚ್ಚು ಕೊಟ್ಟರೆ ಮೆಕ್ಯಾನಿಕನನ್ನು ಬೈಯಬೇಕಾಗಿಲ್ಲ.

ಕೊಂಡ ಮೇಲೆ ಜೋಪಾನ ಮಾಡುವುದೂ ದೊಡ್ಡ ವಿದ್ಯೆಯಲ್ಲ. ಎರೆಮಣ್ಣಿನ ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಒಣಗಿದರೆ ಚಕ್ರ ಬಿಗಿಯುತ್ತದೆ. ಹೊಲದಿಂದ ಬಂದ ದಿನವೇ ಕೋಲಿನಿಂದ ಕೆರೆದು ತೊಳೆದು, ಚೈನು ಒಣಗಿದ ಮೇಲೆ ಎಣ್ಣೆ ಬಿಡಬೇಕು. ಬೇಸಗೆಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಬೇಕು. ಹಳೆಯ ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾಲ್ಕು ಸ್ಟ್ರೋಕಿನದಕ್ಕೆ ಬೆರೆಸಲೇಬಾರದು. ಅದರ ಎಣ್ಣೆ ಎಂಜಿನ್ನಿನ ಕೆಳಗೆ ಬೇರೆಯೇ ಇರುತ್ತದೆ. ಹಳೆಯ ರೂಢಿಯಿಂದ ಹೊಸ ಗಾಡಿಗೂ ಎಣ್ಣೆ ಬೆರೆಸುವವರುಂಟು. ನಾಲ್ಕು ಸ್ಟ್ರೋಕಿನ ಗಾಡಿ ನೀಲಿ ಹೊಗೆ ಬಿಟ್ಟರೆ ಒಳಗಿನ ಎಣ್ಣೆ ಸುಡುತ್ತಿದೆ ಎಂದರ್ಥ. ಕೊಳ್ಳುವಾಗ ಇದನ್ನು ತಪ್ಪದೆ ನೋಡಬೇಕು.

ಮತ್ತೆ ಆ ಮನೆಗೆ ಬರೋಣ. ನಾಲ್ಕು ಪ್ರಶ್ನೆಗಳನ್ನು ಸಾಲಾಗಿ ಇಟ್ಟರೆ ಉತ್ತರ ತಾನಾಗಿ ಬರುತ್ತದೆ. ಲೈಸೆನ್ಸ್ ಇರುವ ತಂದೆ ಹಾಲಿಗೂ ಹೊಲಕ್ಕೂ ಮೊಪೆಡ್ ಕೊಳ್ಳಲಿ; ಗದಗಿನ ಆರ್.ಟಿ.ಒ.ಗೆ ಹೋಗಿ ತಮ್ಮ ಹೆಸರಿಗೆ ಮಾಡಿಸಿಕೊಂಡೇ ಓಡಿಸಲಿ. ಮಗಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತ. ಬಸ್ಸಿನ ಹೊತ್ತು ಹೊಂದದಿದ್ದರೆ ಅವಳೂ ಲೈಸೆನ್ಸ್ ಪಡೆಯಬಹುದು, ವಯಸ್ಸು ಅಡ್ಡಿಯಿಲ್ಲ. ಮಗನಿಗೆ ಒಂದು ವರ್ಷ ಬಸ್ ಪಾಸು ಮತ್ತು ಸೈಕಲ್ಲು.

‘ಎಲ್ಲಾರೂ ಓಡಿಸ್ತಾರ, ನನಗ ಅಷ್ಟ ಬ್ಯಾಡೇನು?’ ಎಂದು ಮಗ ಮುಖ ಸಿಂಡರಿಸಬಹುದು. ಆಗ ತಂದೆ ಬೈಯದೆ, ಒಂದು ಕೆಲಸ ಒಪ್ಪಿಸಲಿ: ಪ್ರತಿ ತಿಂಗಳ ಪೆಟ್ರೋಲು, ಓಡಿದ ಕಿಲೋಮೀಟರು, ರಿಪೇರಿಯ ಖರ್ಚನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು. ಭಾನುವಾರ ಚೈನು ತೊಳೆದು ಪ್ಲಗ್ಗು ಒರೆಸುವುದು. ಹದಿನೆಂಟು ತುಂಬಿದ ದಿನ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕುವಷ್ಟರಲ್ಲಿ ಆ ಗಾಡಿಯನ್ನು ಮನೆಯಲ್ಲಿ ಅವನಷ್ಟು ಬಲ್ಲವರು ಇನ್ನೊಬ್ಬರಿರುವುದಿಲ್ಲ.