ಎಂಟು ವರ್ಷಕ್ಕೆ ಮೂರು ಕೆಲಸ

ಕಳೆದ ತಿಂಗಳು ನನ್ನ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮೊದಲು ಆಸ್ಪತ್ರೆಯೊಂದರ ಸಂಶೋಧನೆಯಲ್ಲಿ ರೋಗಿಗಳ ಅಂಕಿಅಂಶ ನೋಡಿಕೊಂಡಳು, ಆಮೇಲೆ ಬೆಳೆ ಸಮೀಕ್ಷೆ, ಈಗ ಮಳೆಯ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಾಳೆ. ಉಪ್ಪಿಟ್ಟು, ಕೇಸರಿಬಾತು ಮುಗಿಸಿದ ಹುಡುಗನ ಸೋದರಮಾವ, "ಎಂಟು ವರ್ಷಕ್ಕೆ ಮೂರು ಕೆಲಸ! ಎಲ್ಲೂ ನಿಲ್ಲುವವಳಲ್ಲ ಅನ್ನಿ" ಎಂದು ನಕ್ಕರು. ಹುಡುಗ ಆರು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದ್ದನ್ನು ಅರ್ಧ ಗಂಟೆಯ ಹಿಂದೆ ಅವರೇ ಹೆಮ್ಮೆಯಿಂದ ಹೇಳಿದ್ದರು. ಅವನದು ಬೆಳವಣಿಗೆ, ಇವಳದು ಚಂಚಲ ಬುದ್ಧಿ! ತರಗತಿಯಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ನಾನು ಆಗ ತುಟಿ ಬಿಚ್ಚಲಿಲ್ಲ. ಅಂದು ನುಂಗಿದ್ದನ್ನು ಇಲ್ಲಿ ಹೇಳುತ್ತೇನೆ.

ಅಮೆರಿಕದ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬಾಕೆಯನ್ನು ಆ ಮಾವ ನೋಡಲು ಹೋಗಿದ್ದರೆ ಏನೆನ್ನುತ್ತಿದ್ದರೋ! 1958ರಲ್ಲಿ ಗಣಿತದಲ್ಲಿ ಬಿ.ಎ. ಗಂಡ ಇನ್ನೂ ಓದುತ್ತಿದ್ದನೆಂದು ಕೆಲಕಾಲ ಶಾಲೆಯಲ್ಲಿ ಪಾಠ. 1959ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಬಳಿ ಪ್ರೋಗ್ರಾಂ ಬರೆಯುವ ಕೆಲಸ. 1961ರಿಂದ ಶತ್ರು ವಿಮಾನ ಪತ್ತೆ ಹಚ್ಚುವ ಕಂಪ್ಯೂಟರ್ ಯೋಜನೆ. ಅಲ್ಲಿಂದ ಚಂದ್ರಯಾನದ ಅಪೊಲೊ ನೌಕೆಯ ಸಾಫ್ಟ್‌ವೇರ್. ಎಷ್ಟು ಕಡೆಯಾಯಿತು, ಎಣಿಸಿಕೊಳ್ಳಿ.

ಆಕೆ ರಾತ್ರಿ, ರಜಾದಿನಗಳಲ್ಲಿ ಪುಟ್ಟ ಮಗಳನ್ನೂ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ಮಗು ಆಟವಾಡುತ್ತಾ ಯಾವುದೋ ಗುಂಡಿ ಒತ್ತಿತು, ಹಾರಾಟದ ಅಭ್ಯಾಸಕ್ಕಿಟ್ಟ ಯಂತ್ರ ನಿಂತೇಹೋಯಿತು. ಗಗನಯಾತ್ರಿಯೂ ಹೀಗೆ ಒತ್ತಿದರೆ? ಅದಕ್ಕೊಂದು ತಡೆ ಬರೆಯುತ್ತೇನೆಂದು ತಾಯಿ ಕೇಳಿದರು. ತರಬೇತಾದವರು ತಪ್ಪು ಮಾಡುವುದಿಲ್ಲ, ಬೇಡ ಎಂದರು ಮೇಲಿನವರು. 1968ರ ಡಿಸೆಂಬರಿನಲ್ಲಿ ಅಪೊಲೊ 8ರಲ್ಲಿ ಜಿಮ್ ಲೋವೆಲ್ ಅದೇ ತಪ್ಪು ಮಾಡಿದರು! ದಾರಿ ತೋರುವ ಮಾಹಿತಿ ಅಳಿಸಿಹೋಗಿ, ಸರಿಪಡಿಸಲು ಒದ್ದಾಡಬೇಕಾಯಿತು. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರಿಗೆ ಕೆಲಸ ಮಿತಿಮೀರಿತು. ಮುಖ್ಯವಲ್ಲದ್ದನ್ನು ಬಿಟ್ಟು ಇಳಿಸುವುದನ್ನಷ್ಟೇ ನೋಡಿಕೊಳ್ಳುವಂತೆ ಅದನ್ನು ರೂಪಿಸಿದ್ದರಿಂದ ನೌಕೆ ಇಳಿಯಿತು. (ಹಬ್ಬದ ದಿನ ಅಡುಗೆಮನೆಯಲ್ಲಿ ನಾವು ಮಾಡುವುದೂ ಇದನ್ನೇ.) ಆಕೆಗೆ ದೇಶದ ಅಧ್ಯಕ್ಷರ ಪದಕ ಸಿಕ್ಕಿದ್ದು 2016ರಲ್ಲಿ, ಎಂಬತ್ತರ ವಯಸ್ಸಿನಲ್ಲಿ.

ಲೊರೆಂಜ್ ಬಳಿ ಆಕೆಯ ಜಾಗಕ್ಕೆ ಬಂದವರು ಎಲೆನ್ ಫೆಟರ್. 1963ರ ಹೆಸರಾಂತ ಪ್ರಬಂಧದ ಲೆಕ್ಕ, ನಕ್ಷೆಗಳೆಲ್ಲ ಅವರ ದುಡಿಮೆ. ಲೇಖಕ ಲೊರೆಂಜ್ ಒಬ್ಬರೇ, ಎಲೆನ್‌ಗೆ ಕೊನೆಯಲ್ಲೊಂದು ವಂದನೆ.

ಎಲ್ಲರೂ ಹ್ಯಾಮಿಲ್ಟನ್ ಆಗುತ್ತಾರೆಯೇ ಎನ್ನುತ್ತೀರಿ. ಆಗಬೇಕಿಲ್ಲ. ನಮ್ಮ ಹುಡುಗಿ ಚಪಲಕ್ಕೆ ಅಲೆದವಳಲ್ಲ, ಸಂಶೋಧನೆಯ ಹಣ ಮುಗಿದರೆ ಆ ಕೆಲಸವೂ ಮುಗಿಯಿತು. ಆದರೆ ಕಲಿತದ್ದು ಜೊತೆಗೇ ಬಂತು. ಆಸ್ಪತ್ರೆಯ ಪಟ್ಟಿಯಲ್ಲಿ ರೋಗಿಯ ಮುಂದೆ ಖಾಲಿ ಬಿಟ್ಟಿದ್ದರೆ ಆತ ಮರಳಿ ಬರಲಿಲ್ಲವೆಂದು ಅರ್ಥ, ಗುಣವಾದನೆಂದಲ್ಲ. ಮಳೆಯ ಪುಸ್ತಕದಲ್ಲೂ ಹಾಗೇ. "ದೊಡ್ಡಮ್ಮ, ಖಾಲಿ ಅಂದರೆ ಸೊನ್ನೆ ಅಲ್ಲ. ಅಳೆಯುವವನು ಅವತ್ತು ರಜ ಹಾಕಿರಬಹುದು" ಎನ್ನುತ್ತಾಳೆ. ಖಾಲಿ ದಿನಗಳನ್ನೆಲ್ಲ ಮಳೆಯಿಲ್ಲದ ದಿನ ಎಂದು ಎಣಿಸಿದ್ದ ಪ್ರೋಗ್ರಾಮಿನ ತಪ್ಪು ಹಿಡಿದವಳು ಅವಳೇ. ಒಂದೇ ಕುರ್ಚಿಯಲ್ಲಿ ಕೂತವರಿಗೆ ಅದು ಕಂಡಿರಲಿಲ್ಲ.

ಮನೆಯಲ್ಲಿ ಅಕ್ಷರ ದುಂಡಗಿರುವುದು ನನ್ನದೆಂದು ವಧುವಿನ ವಿವರ ಬರೆಯುವ ಕೆಲಸ ನನ್ನ ಪಾಲಿಗೆ. ಮೊನ್ನೆ ತಂಗಿ, "ಅಕ್ಕ, ಹಿಂದಿನ ಎರಡು ಕೆಲಸ ಬಿಟ್ಟು ಈಗಿನದೊಂದೇ ಹಾಕು" ಎಂದಳು. ಮೂರನ್ನೂ ಇಸವಿ ಸಮೇತ ಬರೆದುಕೊಟ್ಟೆ. ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.