ಬರಡು ಎನ್ನುವ ಮೊದಲು

ಹಸು ಮೂರು ಬಾರಿ ಬೆದೆಗೆ ಬಂದೂ ಗರ್ಭ ಕಟ್ಟದಿದ್ದರೆ ನಮ್ಮಲ್ಲಿ ತೀರ್ಪು ಬೇಗ ಬರುತ್ತದೆ: ‘ಇದು ಬರಡು, ಸಂತೆಗೆ ಹೊಡೆಯಿರಿ.’ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಹಾಲಿನ ಹಣವೇ ವಾರದ ಖರ್ಚಿಗೆ ಆಧಾರವಾದ್ದರಿಂದ ಈ ಅವಸರ ಅರ್ಥವಾಗುವಂಥದ್ದೇ. ಆದರೂ ದೋಷವೆಲ್ಲ ಹಸುವಿನದೇ ಎನ್ನುವ ಮೊದಲು ವೀರ್ಯದ ಕಡೆಯನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ.

ವೀರ್ಯವೆಂದರೆ ಬರೀ ಬೀಜವಲ್ಲ. ವೀರ್ಯಾಣುಗಳನ್ನು ಹೊತ್ತ ದ್ರವವೂ ಹೆಣ್ಣಿನ ದೇಹದ ಮೇಲೆ ಕೆಲಸ ಮಾಡುತ್ತದೆ. ಹಂದಿಗಳಲ್ಲಿ ಅದು ಗರ್ಭಕೋಶದ ಸಂಕೋಚನಕ್ಕೆ ನೆರವಾಗುತ್ತದೆ. ಒಂಟೆಯ ಬಳಗದ ಲಾಮಾದಲ್ಲಿ ಅಂಡ ಬಿಡುಗಡೆಯಾಗುವಂತೆ ಮಾಡುವುದೇ ಆ ದ್ರವದ ಒಂದು ಪ್ರೋಟೀನು. 2012ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಹಸುವಿನ ರೀತಿ ಬೇರೆ. ಬೆದೆ ಮುಗಿದ ಸುಮಾರು 10-12 ಗಂಟೆಗಳ ಮೇಲೆ ಅದರ ಅಂಡ ತಾನಾಗಿಯೇ ಬಿಡುಗಡೆಯಾಗುತ್ತದೆ. ಆದ್ದರಿಂದಲೇ 0.25 ಮಿಲಿಲೀಟರಿನ ಕಡ್ಡಿಯಲ್ಲಿರುವ ತೆಳುಗೊಳಿಸಿದ ವೀರ್ಯದಿಂದಲೂ ಗರ್ಭ ನಿಲ್ಲುತ್ತದೆ. ಸೂಜಿ ಹಾಕಿಸಿದರೆ ಹಸು ಕೆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಆದರೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರಬೇಕಾದ ಕಡ್ಡಿ ದಾರಿಯಲ್ಲಿ ಬೆಚ್ಚಗಾದರೆ ವೀರ್ಯಾಣು ಸಾಯುತ್ತದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಮಾರನೆಯ ದಿನ ಸಂಜೆ ಹಾಕಿಸಿದರೆ ಕಾಲ ಮೀರಿರುತ್ತದೆ. ಅದೇ ಸಂಜೆಯೇ ಹಾಕಿಸಬೇಕು. ಇವೆರಡರಲ್ಲೂ ಹಸುವಿನ ತಪ್ಪೇನು?

ಹೋರಿಗೆ ಬಿಡುವವರಿಗೂ ಒಂದು ಮಾತು. ಕಾಂಗಯಂ ಸೀಮೆಯ ಕೊರಂಗಾಡು ಮೇವುಮಾಳಗಳಲ್ಲಿ ಹಸುಗಳೊಂದಿಗೆ ಮೇಯುವ ಹೋರಿ, ನಮ್ಮ ಕಣ್ಣಿಗೆ ಬೀಳದ ಬೆದೆಯನ್ನೂ ಕಂಡುಹಿಡಿಯುತ್ತದೆ. ಆ ತಳಿ ಉಳಿಯಬೇಕಾದರೆ ಹೋರಿಯೂ ಉಳಿಯಬೇಕು. ಆದರೆ ಪರೀಕ್ಷಿಸದ ಒಂದೇ ಹೋರಿ ವಿಬ್ರಿಯೋ, ಟ್ರೈಕೋಮೊನಾಸ್ ಸೋಂಕುಗಳನ್ನು ಊರಿನ ಹಸುಗಳಿಗೆಲ್ಲ ಹಂಚಬಲ್ಲದು. ಹೋರಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಹಸುವಿನ ಗರ್ಭದಲ್ಲಿ ಎಳೆಯ ಭ್ರೂಣ ಸತ್ತು, ಅದು ತಡವಾಗಿ ಮತ್ತೆ ಬೆದೆಗೆ ಬರುತ್ತದೆ. ಬ್ರುಸೆಲ್ಲಾ ರೋಗವಾದರೆ ಕಂದು ಹಾಕುತ್ತದೆ. ಅದು ಮನುಷ್ಯರಿಗೂ ಅಂಟುತ್ತದೆ. ಕಂದು ಹಾಕಿದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಹಾಲನ್ನು ಕಾಯಿಸಿಯೇ ಕುಡಿಯಿರಿ.

ರೈತ ಬಂಧುಗಳೇ, ಬೆದೆಯ ದಿನ, ಹೊತ್ತು, ಕಡ್ಡಿಯ ಮೇಲಿನ ಹೋರಿಯ ಸಂಖ್ಯೆ, ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರೋಗ್ಯವಂತ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಲೆಕ್ಕ ತಪ್ಪಿದರೆ ಪಶುವೈದ್ಯರಿಗೆ ಆ ಬರಹವೇ ದಾರಿ ತೋರಿಸುತ್ತದೆ. ಊರವರು ಕೂಡಿ, ಪರೀಕ್ಷೆ ಮಾಡಿಸಿದ ಒಂದು ಕಾಂಗಯಂ ಹೋರಿಯನ್ನು ಸಾಕಲಿ. ಸಂತೆಗೆ ಹೊಡೆದ ಹಸು ಮರಳಿ ಬರುವುದಿಲ್ಲ. ಅದಕ್ಕೆ ಮೊದಲು ಒಮ್ಮೆ ಪರೀಕ್ಷೆ ಮಾಡಿಸುವುದು ನಮಗೆ ಭಾರವಲ್ಲ.