ಜಗಲಿಯ ಮಾತು: ಚೀನೀಯರ ಕೇರಿ



ವಿದ್ಯಾರ್ಥಿದೆಸೆಯಲ್ಲಿ ಶಾಕುಂತಲವನ್ನೋದುವಾಗ ‘ಚೀನಾಂಶುಕ’ವೆಂಬ ಪದ ಬಂದಿತು. ಚೀನದೇಶದ ರೇಷ್ಮೆಯ ವಸ್ತ್ರವೆಂದು ಗುರುಗಳು ಅರ್ಥ ಹೇಳಿದರು. ಅದನ್ನು ನೆಯ್ದ ಜನರ ವಿಷಯವಾಗಿ ನಾವು ಯಾರೂ ಕೇಳಲಿಲ್ಲ. ನಿವೃತ್ತನಾದ ಮೇಲೆ ಗಯಾಯಾತ್ರೆಯನ್ನು ಮುಗಿಸಿಕೊಂಡು ಕಲ್ಕತ್ತೆಗೆ ಹೋದಾಗ ಆ ಜನರ ಕೇರಿಯನ್ನೇ ಕಂಡೆನು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆಚ್ಯೂ ಎಂಬ ಚೀನೀಯನು ವಾರನ್ ಹೇಸ್ಟಿಂಗ್ಸನಿಂದ ಹೂಗ್ಲಿಯ ದಡದಲ್ಲಿ ಭೂಮಿಯನ್ನು ಪಡೆದು ಸಕ್ಕರೆಯ ಕಾರ್ಖಾನೆಯನ್ನು ಹೂಡಿದನು. ಆ ಸ್ಥಳಕ್ಕೆ ಅಚೀಪುರವೆಂದೇ ಹೆಸರಾಯಿತು. ಅನಂತರ ಬಂದ ಚೀನೀಯರು ಟಿರೆಟ್ಟಾ ಬಜಾರಿನಲ್ಲಿಯೂ ಟಾಂಗ್ರಾದಲ್ಲಿಯೂ ನೆಲೆಸಿದರು. ಅವರಲ್ಲಿ ಬಡಗಿಗಳೂ ದಂತವೈದ್ಯರೂ ಇದ್ದರು. ನಮ್ಮಲ್ಲಿ ಅನೇಕರು ಹೀನವೆಂದೆಣಿಸಿದ ಚರ್ಮ ಹದಮಾಡುವ ಕಸುಬನ್ನು ಟಾಂಗ್ರಾದವರು ಕೈಕೊಂಡರು.

ಪರದೇಶಿಗಳು ಒಂದೇ ಕೇರಿಯಲ್ಲಿ ಕೂಡಿರುವುದೇಕೆ? ಹೊಸದಾಗಿ ಬಂದವನಿಗೆ ಅನ್ನ, ಕೆಲಸ, ಸ್ವಭಾಷೆಯ ಎರಡು ಮಾತು ಅಲ್ಲಿ ದೊರೆಯುವುವು. ಹೊರಗಿನವರ ದ್ವೇಷವೂ ಒಂದು ಕಾರಣವುಂಟು. ಅಮೆರಿಕೆಯು 1882ರಲ್ಲಿ ಚೀನೀ ಕೂಲಿಗಾರರ ಪ್ರವೇಶವನ್ನೇ ಕಾನೂನಿನಿಂದ ನಿಷೇಧಿಸಿತು. 1943ರ ವರೆಗೆ ಆ ನಿಷೇಧವು ನಡೆಯಿತು.

ಆದರೂ ಕೇರಿಗೆ ಕೋಟೆಯ ಗೋಡೆಯಿಲ್ಲ. ಟಾಂಗ್ರಾದಲ್ಲಿ ಚೀನೀಯರು ನಡೆಸುವ ಕಾಳಿಯ ಗುಡಿಯುಂಟು. ಅಲ್ಲಿ ಅವರ ಶಾವಿಗೆಯ ಅಡುಗೆಯೇ ದೇವಿಗೆ ನೈವೇದ್ಯ. ಸಿಂಗಪುರದ ಚೀನೀಯರ ಪೇಟೆಯಲ್ಲಿಯಾದರೋ 1827ರಲ್ಲಿ ಸ್ಥಾಪಿತವಾದ ಮಾರಿಯಮ್ಮನ ಗುಡಿ ಇಂದಿಗೂ ಇರುವುದು.

ಇಂತಹ ನೆರೆಹೊರೆಯೂ ಭಯಕ್ಕೆ ಸಿಕ್ಕಿ ಮುರಿಯಿತು. 1962ರಲ್ಲಿ ಚೀನದೊಡನೆ ಯುದ್ಧವಾದಾಗ ನಮ್ಮ ದೇಶದಲ್ಲಿಯೇ ಹುಟ್ಟಿ ಬೆಳೆದವರೂ ಸೇರಿ ಸುಮಾರು 3000 ಮಂದಿ ಚೀನೀ ಮೂಲದವರನ್ನು ವಿಚಾರಣೆಯಿಲ್ಲದೆ ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಇಟ್ಟರು. ಮಕ್ಕಳು, ವೃದ್ಧರು ಕೂಡ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಉಳಿಯಬೇಕಾಯಿತು. ಬಿಡುಗಡೆಯಾದ ಎಷ್ಟೋ ಜನ ದೇಶವನ್ನೇ ತೊರೆದರು. ಯುದ್ಧ ಮಾಡಿದವರು ಇವರಲ್ಲ. ಮುಖಲಕ್ಷಣವೊಂದೇ ಇವರ ಅಪರಾಧವಾಯಿತು.

ಇದನ್ನು ಕೇಳಿ ನನಗೆ ನನ್ನ ಮನೆಯ ನೆನಪಾಯಿತು. ನಮ್ಮ ಸೀಮೆಯ ನರಸಾಪುರದ ಕಾರ್ಖಾನೆಗಳಿಗೆ ಹೊರರಾಜ್ಯಗಳಿಂದ ಬಂದ ತರುಣರು ಬಹುಮಂದಿ. ಅವರಲ್ಲಿ ಒಡಿಶಾದ ಇಬ್ಬರು ಹಿಂದೊಮ್ಮೆ ವಕ್ಕಲೇರಿಗೆ ಬಂದು ನಮ್ಮ ಹಿತ್ತಲ ಕೊಠಡಿಯನ್ನು ಬಾಡಿಗೆಗೆ ಕೇಳಿದ್ದರು. “ಮೇಷ್ಟ್ರೇ, ಎಲ್ಲಿಯವರೋ ಏನೋ, ನಮಗೇಕೆ?” ಎಂದರು ಪಕ್ಕದ ಮನೆಯವರು. ನಾನೂ ತಲೆದೂಗಿ, ಹುಡುಗರನ್ನು ಹಿಂದಕ್ಕೆ ಕಳುಹಿಸಿದೆನು. ಜೀವಮಾನವೆಲ್ಲ ‘ಅತಿಥಿ’ ಶಬ್ದದ ವ್ಯುತ್ಪತ್ತಿಯನ್ನು ಬೋಧಿಸಿದವನು ನಾನು!

ಈಗ ಆ ಕೊಠಡಿಯಲ್ಲಿ ಬಿಹಾರದ ದಂಪತಿಗಳು ವಾಸವಾಗಿರುವರು. ಯುಗಾದಿಯ ಒಬ್ಬಟ್ಟು ಅತ್ತ ಹೋಗುವುದು. ಛಠ್ ಹಬ್ಬದ ಠೇಕುವಾ ಇತ್ತ ಬರುವುದು. ಪಕ್ಕದ ಮನೆಯವರಿಗೂ ಅದರಲ್ಲಿ ಪಾಲುಂಟು. ಆದರೆ ಆ ಇಬ್ಬರು ಹುಡುಗರು ಆ ರಾತ್ರಿ ಎಲ್ಲಿ ತಂಗಿದರೋ, ನಾನರಿಯೆನು. ಗೃಹಸ್ಥರೇ, ನಿಮ್ಮ ಬಾಗಿಲಿಗೆ ಅಂತಹವರು ಬಂದರೆ, ಇಲ್ಲವೆನ್ನುವ ಮುನ್ನ ಊರು ಯಾವುದು, ಉಂಡಿರೇ ಎಂದಾದರೂ ಕೇಳಿರಿ.